ಸಂಸಾರ ಸಮೇತ ಝಗ್ವಾನಿಗೆ

ನಝೀಹಾ ಸುಲಭಕ್ಕೆ ಸಿಡುಕುವ ಹೆಂಗಸಲ್ಲ. ಸೂಸ್ ಪಟ್ಟಣದಲ್ಲಿ ನಮ್ಮ ಮೇಲಿನ ಮಹಡಿಯಲ್ಲೇ ಅವಳ ಮನೆ. ಏಳು ವರ್ಷದಿಂದ ನೋಡುತ್ತಿದ್ದೇನೆ. ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ವೈದ್ಯರ ಕಾಗೆ ಕಾಲು ಗುಬ್ಬಿ ಕಾಲು ಓದಿ, ಒಂದೇ ಮಾತ್ರೆಯ ಬಗ್ಗೆ ನಾಲ್ಕು ಸಲ ಕೇಳುವ ಮುದುಕರಿಗೆ ಐದನೆಯ ಸಲವೂ ನಗುತ್ತಲೇ ಹೇಳುವವಳು. ಅಂಥವಳು ಕಳೆದ ವಸಂತದಲ್ಲಿ ಒಂದು ಸಂಜೆ ಮೆಟ್ಟಿಲ ಮೇಲೆ ನನ್ನ ಪಕ್ಕ ಕುಕ್ಕರಿಸಿ, "ಮುನೀರಕ್ಕಾ, ಇನ್ನೊಂದು ಸಲ ಈ ಮನೇಲಿ ಯಾರಾದ್ರೂ 'ಎಲ್ರೂ ಒಟ್ಟಿಗೆ ಹೋಗೋಣ' ಅಂದ್ರೆ ನಾನು ಸಮುದ್ರದ ಕಡೆ ನಡ್ಕೊಂಡು ಹೋಗ್ಬಿಡ್ತೀನಿ" ಎಂದಳು.

ಅವಳ ತವರು ಝಗ್ವಾನ್. ಹನ್ನೊಂದನೆಯ ವಯಸ್ಸಿಗೇ ಅಲ್ಲಿನ ಮಾಲೂಫ್ ಎಂಬ ಹಳೆಯ ಸಂಗೀತದ ಮೇಳಕ್ಕೆ ಸೇರಿ, ತಿಜಾನಿ ಮೇಷ್ಟ್ರ ಎದುರು ಚಾಪೆಯ ಮೇಲೆ ಕೂತು, ಬಾಯಿಂದ ಬಾಯಿಗೆ ಬಂದ ಹಳೆಯ ಹಾಡುಗಳನ್ನು ಕಲಿತವಳು. ಹದಿನಾರು ವರ್ಷ ಎರಡನೆಯ ಸಾಲಿನಲ್ಲಿ ನಿಂತು ಹಾಡಿದಳು. ಒಂಟಿಯಾಗಿ ಹಾಡುವ ಆಸೆ ಅವಳಿಗೆ ಎಂದೂ ಇರಲಿಲ್ಲ. ಇಪ್ಪತ್ತು ದನಿಗಳ ನಡುವೆ ತನ್ನದು ಎಲ್ಲಿದೆಯೆಂದು ತನಗೇ ತಿಳಿಯದಂತಾಗುವ ಆ ಗಳಿಗೆ ಇದೆಯಲ್ಲ, ಅದಕ್ಕಾಗಿ ಹಾಡುತ್ತಿದ್ದೆ ಎನ್ನುತ್ತಾಳೆ. ಮದುವೆಯಾಗಿ ಸೂಸ್‌ಗೆ ಬಂದ ಮೇಲೆ ವರ್ಷಕ್ಕೆ ಎರಡು ಮೂರು ಕಛೇರಿಗಾದರೂ ಹೋಗಿ ಕೇಳುತ್ತಿದ್ದಳು. ಮಗಳು ಎಮ್ನಾ ಹುಟ್ಟಿದ ಮೇಲೆ ಅದೂ ನಿಂತಿತು.

ನಿಂತಿತು ಎಂದರೆ ತಪ್ಪಾಗುತ್ತದೆ. ಅವಳ ಗಂಡ ಲುತ್ಫಿ ನಿಲ್ಲಲು ಬಿಡಲಿಲ್ಲ. ಲುತ್ಫಿ ಶಾಲೆಯಲ್ಲಿ ಭೂಗೋಳದ ಮೇಷ್ಟ್ರು. ಒಳ್ಳೆಯವನೇ. ಕುಡಿತವಿಲ್ಲ, ಕಾಫಿ ಅಂಗಡಿಯಲ್ಲಿ ಇಸ್ಪೀಟು ಆಡುತ್ತ ಕೂರುವವನೂ ಅಲ್ಲ. ಅವನಿಗಿರುವುದು ಒಂದೇ ಚಟ, ಸಂಸಾರ ಸಮೇತ ತಿರುಗಾಟ. ಬೆನ್ನಿಗೆ ಮಗುವನ್ನು ಕಟ್ಟಿಕೊಂಡು ಹಿಮದ ಬೆಟ್ಟ ಹತ್ತುವ ಗಂಡ ಹೆಂಡಿರ ವೀಡಿಯೊಗಳನ್ನು ಫೋನಿನಲ್ಲಿ ನೋಡುತ್ತಾನೆ. ನೋಡಿ, "ಮಗುವಿಗೆ ಚಿಕ್ಕಂದಿನಿಂದ್ಲೇ ಅಭ್ಯಾಸ ಮಾಡಿಸ್ಬೇಕು" ಎನ್ನುತ್ತಾನೆ. ಹಾಗೆ ಅಭ್ಯಾಸ ಮಾಡಿಸಲು ಮೊನಾಸ್ತೀರಿನ ಮದುವೆಗೆ ಕರೆದೊಯ್ದಾಗ ಧ್ವನಿವರ್ಧಕದ ಸದ್ದಿಗೆ ಬೆಚ್ಚಿದ ಎಮ್ನಾ ಮದುಮಗನ ತಾಯಿಯ ಜರಿಯ ಉಡುಪಿನ ಮೇಲೆ ವಾಂತಿ ಮಾಡಿದಳು. ಸಮುದ್ರ ತೀರದಲ್ಲಿ ಒಂದು ಹಿಡಿ ಮರಳು ನುಂಗಿದಳು. ರಂಗಮಂದಿರದ ಸಂಗೀತ ಕಛೇರಿಯೊಂದರಿಂದ ಆರು ನಿಮಿಷದೊಳಗೆ ಅವರನ್ನು ಹೊರಗೆ ಕಳಿಸಿದರು. ಮೂರು ಸಲವೂ ಹೊರಗೆ ಬಂದದ್ದು, ಒರೆಸಿದ್ದು, ತೊಳೆದದ್ದು ನಝೀಹಾ. ಮೂರು ಸಲವೂ ಲುತ್ಫಿ, "ಪರ್ವಾಗಿಲ್ಲ, ಮುಂದಿನ ಸಲ ಒಗ್ಗುತ್ತೆ" ಎಂದ.

ಮೇ ತಿಂಗಳಲ್ಲಿ ಝಗ್ವಾನಿನಿಂದ ಫೋನ್ ಬಂತು. ಮೇಳದ ವಸಂತದ ಕಛೇರಿ, ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆಗೆ, ಹಳೆಯ ಮನೆಯೊಂದರ ಅಂಗಳದಲ್ಲಿ. ತಿಜಾನಿ ಮೇಷ್ಟ್ರಿಗೆ ಎಪ್ಪತ್ತೆಂಟಾಗಿತ್ತು. ಕೈ ನಡುಗುತ್ತಿತ್ತು. ಇದೇ ಕೊನೆ, ಆಮೇಲೆ ಶಿಷ್ಯನಿಗೆ ಜಾಗ ಬಿಟ್ಟುಕೊಡುತ್ತೇನೆ ಎಂದಿದ್ದರಂತೆ.

ನಝೀಹಾ ಅವತ್ತೇ ರಾತ್ರಿ ಊಟಕ್ಕೆ ಕೂತಾಗ ವಿಷಯ ತೆಗೆದಳು.

"ಭಾನುವಾರ ನಾನೊಬ್ಳೇ ಝಗ್ವಾನಿಗೆ ಹೋಗಿ ಬಂದ್ಬಿಡ್ತೀನಿ. ಬೆಳಿಗ್ಗೆ ಹೋದ್ರೆ ಕತ್ತಲಾಗೋದ್ರೊಳಗೆ ಮನೇಲಿರ್ತೀನಿ."

ಲುತ್ಫಿ ಚಮಚ ಕೆಳಗಿಟ್ಟ. "ಒಬ್ಳೇ ಯಾಕೆ? ನಾವೇನು ಸತ್ತಿದ್ದೀವಾ?"

"ಸತ್ತಿಲ್ಲ ಅಂತಾನೇ ಒಬ್ಳೇ ಹೋಗ್ತೀನಿ ಅಂತಿರೋದು. ಎಮ್ನಾ ಕೂರಲ್ಲ, ಲುತ್ಫಿ. ಒಂದೂವರೆ ಗಂಟೆ ಕಛೇರಿ."

"ಹೊರಗಡೆ ಅಂಗಳ ತಾನೇ? ಗಾಳಿ ಬೆಳಕು ಇರುತ್ತೆ, ಆಡ್ಕೊಂಡಿರ್ತಾಳೆ. ಬೆಟ್ಟದ ಬುಡದ ನೀರಿನ ಬುಗ್ಗೆ ತೋರ್ಸೋಣ. ನಾನು ಅವಳನ್ನ ನೋಡ್ಕೋತೀನಿ, ನೀನು ಆರಾಮಾಗಿ ಹಾಡು ಕೇಳು."

"ನೀನು ನೋಡ್ಕೋತೀಯಾ?"

"ಆಣೆಗೂ."

ಅಷ್ಟರಲ್ಲಿ ಅತ್ತೆ ಖದ್ದೂಜಾ ಅಡುಗೆಮನೆಯಿಂದಲೇ ಕೂಗಿದರು: "ಝಗ್ವಾನಿಗಾ? ಕಾಡುಗುಲಾಬಿ ಹೂವಿನ ಕಾಲ! ನಾನೂ ಬರ್ತೀನಿ ಕಣಮ್ಮಾ. ಪನ್ನೀರು ತರ್ಬೇಕು, ಮನೇಲಿ ಒಂದು ತೊಟ್ಟಿಲ್ಲ."

ಹೀಗೆ ಒಬ್ಬಳ ಪ್ರಯಾಣ ನಾಲ್ಕು ಜನರದ್ದಾಯಿತು.

ಭಾನುವಾರ ಬೆಳಿಗ್ಗೆ ಅವರು ಮೆಟ್ಟಿಲಿಳಿಯುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಮನೆ ಖಾಲಿ ಮಾಡಿಕೊಂಡು ಹೋಗುವವರ ಹಾಗಿತ್ತು. ಮಡಚುವ ಮಗುವಿನ ಗಾಡಿ, ಡೈಪರಿನ ಚೀಲ, ಬೇಯಿಸಿದ ಮೊಟ್ಟೆ, ರೊಟ್ಟಿ, ಮೆಣಸಿನ ಚಟ್ನಿಯ ಡಬ್ಬಿ, ಎಮ್ನಾಳ ಸಾರಿನ ಪಾತ್ರೆ, ಪನ್ನೀರಿಗೆಂದು ಅತ್ತೆ ಹಿಡಿದ ಮೂರು ಖಾಲಿ ಬಾಟಲಿ, ಕೊನೆಗೆ ಹಳದಿ ಪ್ಲಾಸ್ಟಿಕ್ಕಿನ ಮಗುವಿನ ಕಕ್ಕಸು ಕುರ್ಚಿ. ಆ ಕುರ್ಚಿ ಲುತ್ಫಿಯ ಕೈಯಲ್ಲಿತ್ತು. ಕಿರೀಟದ ಹಾಗೆ ಎತ್ತಿ ಹಿಡಿದಿದ್ದ. ನಝೀಹಾ ನನ್ನತ್ತ ನೋಡಿದಳು.

ಬಾಡಿಗೆ ವ್ಯಾನಿನಲ್ಲಿ ಎಂಟು ಸೀಟು. ತುಂಬಿದರೆ ಹೊರಡುತ್ತದೆ, ಇಲ್ಲದಿದ್ದರೆ ಇಲ್ಲ. ಅವತ್ತು ತುಂಬುವಷ್ಟರಲ್ಲಿ ಹನ್ನೆರಡಾಯಿತು. ಮಗುವಿನ ಗಾಡಿ ಎಲ್ಲೂ ಹಿಡಿಸದೆ, ಚಾಲಕ ಗೊಣಗುತ್ತ ಅದನ್ನು ಮೇಲೆ ಕಟ್ಟಿದ. ಊರು ದಾಟುವ ಮೊದಲೇ ಎಮ್ನಾ ರಚ್ಚೆ ಹಿಡಿದಳು. ಚಾಲಕ ಅವಳನ್ನು ಸಮಾಧಾನಪಡಿಸಲು ಒಂದು ಮದುವೆ ಹಾಡು ಹಾಕಿದ. ಅಳು ಗಕ್ಕನೆ ನಿಂತಿತು. ಹಾಡು ಮುಗಿದ ತಕ್ಷಣ ಮತ್ತೆ ಶುರು.

"ಇನ್ನೊಂದ್ಸಲ!" ಎಂದು ಕಿರುಚಿದಳು. ಆಗಷ್ಟೇ ಕಲಿತ ಮಾತು ಅದು.

ಚಾಲಕ ಇನ್ನೊಂದು ಸಲ ಹಾಕಿದ. ಮೂರನೆಯ ಸಲಕ್ಕೆ ಬೇರೆ ಹಾಡು ಹಾಕಿ ನೋಡಿದ. ಎಮ್ನಾ ಉಸಿರು ಕಟ್ಟಿ ನೀಲಿಯಾದಳು. ಮತ್ತೆ ಅದೇ ಹಾಡು. ಎನ್ಫಿದಾ ಊರು ಬರುವವರೆಗೆ ಆ ವ್ಯಾನಿನಲ್ಲಿದ್ದವರೆಲ್ಲ ಆ ಒಂದು ಹಾಡನ್ನು ಹದಿನಾಲ್ಕು ಸಲ ಕೇಳಿದರು. ಹಿಂದಿನ ಸೀಟಿನಲ್ಲಿ ಕೂತಿದ್ದ ಮುದುಕರೊಬ್ಬರು ಚಾಲಕನ ಭುಜ ತಟ್ಟಿದರು.

"ಅಪ್ಪಾ, ನನ್ನನ್ನ ಇಲ್ಲೇ ಇಳಿಸ್ಬಿಡು."

"ಅಜ್ಜಾ, ನೀವು ಝಗ್ವಾನಿಗಲ್ವಾ ಬರ್ಬೇಕಾಗಿದ್ದು?"

"ಹೌದು. ನಾಳೆ ಬರ್ತೀನಿ."

ನಝೀಹಾಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಲುತ್ಫಿ ಕಿಟಕಿಯ ಆಚೆ ಕೈ ತೋರಿಸಿ ಮಗಳಿಗೆ ಆಲಿವ್ ತೋಟಗಳ ಬಗ್ಗೆ ಪಾಠ ಮಾಡುತ್ತಿದ್ದ.

ಝಗ್ವಾನಿನ ಬೆಟ್ಟ ಕಾಣುವ ಹೊತ್ತಿಗೆ ಎಮ್ನಾ ದಣಿದು ತಾಯಿಯ ತೊಡೆಯ ಮೇಲೆ ನಿದ್ದೆ ಹೋದಳು. ಈಗ ಮಲಗಿದರೆ ಎರಡು ಗಂಟೆಯಾದರೂ ಮಲಗಿ, ಕಛೇರಿಯ ಹೊತ್ತಿಗೆ ನಗುನಗುತ್ತ ಇರುತ್ತಾಳೆ ಎಂದು ನಝೀಹಾ ಉಸಿರು ಬಿಗಿಹಿಡಿದು ಕೂತಳು. ಮುಂದಿನ ಸೀಟಿನಿಂದ ಅತ್ತೆ ತಿರುಗಿ ನೋಡಿದರು.

"ಅಯ್ಯೋ, ಮಲಗಿಸ್ಬೇಡ! ಈಗ ಮಲಗಿದ್ರೆ ರಾತ್ರಿಯೆಲ್ಲಾ ಕುಣೀತಾಳೆ." ಕೈ ಚಾಚಿ ಮಗುವಿನ ಅಂಗಾಲಿಗೆ ಕಚಗುಳಿ ಇಟ್ಟೇಬಿಟ್ಟರು.

ಅಲ್ಲಿಗೆ ನಿದ್ದೆಯ ಕಥೆ ಮುಗಿಯಿತು.

ಊರು ಸೇರಿದ ಮೇಲೆ ಪನ್ನೀರಿನವರ ಅಂಗಡಿಯಲ್ಲಿ ಒಂದು ಗಂಟೆ. ಅತ್ತೆ ಎಲ್ಲ ಬಾಟಲಿಗಳ ಮುಚ್ಚಳ ತೆಗೆಸಿ ಮೂಸಿದರು. ಆಮೇಲೆ ಲುತ್ಫಿಗೆ ಬುಗ್ಗೆಯ ಹತ್ತಿರ ಫೋಟೊ ತೆಗೆಯಬೇಕಿತ್ತು. ನಝೀಹಾ ಗಡಿಯಾರ ತೋರಿಸಿದಳು. "ಹತ್ತು ನಿಮಿಷ ಅಷ್ಟೇ" ಎಂದ. ಏರುದಾರಿಯಲ್ಲಿ ಮಗುವಿನ ಗಾಡಿಯ ಮುಂದಿನ ಚಕ್ರ ಕಲ್ಲಿಗೆ ಸಿಕ್ಕಿ ಕಳಚಿತು. ಚಕ್ರ ಇಳಿಜಾರಿನಲ್ಲಿ ಉರುಳಿತು. ಎಮ್ನಾ ಚಪ್ಪಾಳೆ ತಟ್ಟಿದಳು. ಲುತ್ಫಿ ಅದರ ಹಿಂದೆ ಓಡಿದ. ಅವರು ಹಳೆಯ ಮನೆಯ ಅಂಗಳ ಮುಟ್ಟಿದಾಗ ನಾಲ್ಕೂ ಕಾಲು. ವಾದ್ಯದವರು ಶ್ರುತಿ ಮಾಡಿ ಮುಗಿಸಿ ಪೀಠಿಕೆ ನುಡಿಸಲು ಕೈ ಹಾಕಿದ್ದರು.

ಅಂಗಳದ ನಡುವೆ ನಿಂಬೆ ಗಿಡ, ಸುತ್ತ ಕುರ್ಚಿಗಳು. ನಾಲ್ಕನೆಯ ಸಾಲಿನಲ್ಲಿ ಜಾಗ ಸಿಕ್ಕಿತು. ತಿಜಾನಿ ಮೇಷ್ಟ್ರು ಊದ್ ವಾದ್ಯವನ್ನು ಎದೆಗವಚಿಕೊಂಡು ಕೂತಿದ್ದರು, ಮೊದಲಿಗಿಂತ ಅರ್ಧ ಆಗಿದ್ದರು. ರಬಾಬ್, ಪಿಟೀಲು, ಸಣ್ಣ ನಗಾರಿ ಎಲ್ಲ ಒಂದೇ ಎಳೆಯಾಗಿ ಹೊರಟವು. ಎಮ್ನಾ ಬಾಯಿ ತೆರೆದುಕೊಂಡು ಕೇಳಿದಳು. ಎಂಟು ನಿಮಿಷ ಮಿಸುಕಲಿಲ್ಲ. ಲುತ್ಫಿ ಹೆಂಡತಿಯ ಕಡೆ ನೋಡಿ ಹುಬ್ಬು ಹಾರಿಸಿದ, ನೋಡಿದೆಯಾ ಎನ್ನುವ ಹಾಗೆ.

ಪೀಠಿಕೆ ಮುಗಿಯಿತು. ಮೇಳ ಹಾಡಿಗೆ ಉಸಿರೆಳೆದುಕೊಂಡ ಆ ಒಂದು ಕ್ಷಣದ ಮೌನದಲ್ಲಿ ಎಮ್ನಾ ಅಂಗಳದ ನಾಲ್ಕು ಮೂಲೆಗೂ ಕೇಳುವಂತೆ ಕೂಗಿದಳು:

"ಸಾಕು!"

ಜನ ನಕ್ಕರು. ಮೇಷ್ಟ್ರು ಕೂಡ ತಲೆ ಎತ್ತಿದರು. ಹಾಡು ಹೊರಟಿತು. ಎರಡು ಸಾಲು ಆಗಿರಲಿಲ್ಲ.

"ಸಾಕು! ಮನೆ!"

ಈ ಸಲ ಯಾರೂ ನಗಲಿಲ್ಲ. ಮುಂದಿನ ಸಾಲಿನ ಗಂಡಸು ತಿರುಗಿ ನೋಡಿದ. ಮೂರನೆಯ ಸಲ ಇಡೀ ಮೈ ತಿರುಗಿಸಿ ನೋಡಿದ. ನಝೀಹಾ ಗಂಡನಿಗೆ ಮೊಣಕೈಯಿಂದ ತಿವಿದಳು.

"ಎತ್ಕೊಂಡು ಹೋಗು. ನೀನೇ ಆಣೆ ಹಾಕಿದ್ದೆ."

"ನಾನು ಸಾಲಿನ ಮಧ್ಯೆ ಇದ್ದೀನಿ," ಲುತ್ಫಿ ಪಿಸುಗುಟ್ಟಿದ, "ಚೀಲ, ಮಗೂ ಕುರ್ಚಿ ಎಲ್ಲಾ ನನ್ ಕಾಲ್ ಮೇಲೇ ಇದೆ. ನೀನು ತುದೀಲಿದ್ದೀಯ. ನಿನ್ನತ್ರ ಆದ್ರೆ ಬೇಗ ಸುಮ್ನಾಗ್ತಾಳೆ. ಐದೇ ನಿಮಿಷ."

ಆಕೆ ಮಗುವನ್ನೆತ್ತಿಕೊಂಡು ಎದ್ದಳು.

ಅಂಗಳದಿಂದ ಬೀದಿಗೆ ಬರುವ ದಾರಿ ಒಂದು ಕತ್ತಲೆಯ ಮೊಗಸಾಲೆ, ನಡುವೆ ತಿರುವು. ಅಲ್ಲಿ ಕಲ್ಲಿನ ಜಗಲಿಯ ಮೇಲೆ ಆಗಲೇ ಒಬ್ಬಳು ಕೂತಿದ್ದಳು, ಕಾಲಿನ ಬಳಿ ಅವಳಿ ಮಕ್ಕಳು ಒಂದೇ ಚಪ್ಪಲಿಗಾಗಿ ಕಿತ್ತಾಡುತ್ತಿದ್ದವು.

"ಬಾ, ಬಾ, ಕೂತ್ಕೋ," ಎಂದು ಸರಿದು ಜಾಗ ಕೊಟ್ಟಳು. "'ಸಾಕು' ಅಂದಿದ್ದು ಇವಳೇನಾ? ಭೇಷ್. ಇಲ್ಲಿಗೇ ಕೇಳಿಸ್ತು. ನಾನು ಹಬೀಬಾ. ಪಿಟೀಲಿನವನ ಹೆಂಡ್ತಿ."

"ಎಷ್ಟು ಹೊತ್ತಿಂದ ಇಲ್ಲಿದ್ದೀಯ?"

"ಎಷ್ಟು ಹೊತ್ತಾ? ನಾಲ್ಕು ವರ್ಷ. ನನ್ ಗಂಡ ಪಿಟೀಲು ಬಾರ್ಸೋದನ್ನ ಕಣ್ಣಾರೆ ನೋಡಿ ನಾಲ್ಕು ವರ್ಷ ಆಯ್ತು ಕಣೇ. ಪ್ರತಿ ಕಛೇರಿಗೂ ಬರ್ತೀನಿ, ಬರ್ದಿದ್ರೆ ಅವನಿಗೆ ಮುನಿಸು. ಬಂದು ಇಲ್ಲಿ ಕೂರ್ತೀನಿ. ಊರಲ್ಲಿ ಯಾವ ಮನೆಗೆ ಎಂಥ ಬಾಗ್ಲು ಅಂತ ಬೇಕಾದ್ರೆ ಕೇಳು, ಹೇಳ್ತೀನಿ."

ಒಳಗೆ ಎರಡನೆಯ ಭಾಗ ಮುಗಿಯುತ್ತಿತ್ತು. ಮುಂದೆ ಬರುವುದು ನಿಧಾನದ ಭಾಗ. ಗಂಡಸರೆಲ್ಲ ಸುಮ್ಮನಾಗಿ ಹೆಂಗಸರ ಸಾಲು ಮಾತ್ರ ಹಾಡುವ ಜಾಗ. ನಝೀಹಾ ನೂರು ಕಿಲೋಮೀಟರ್ ಬಂದದ್ದು ಅದಕ್ಕೆ. ಎಮ್ನಾ ಅವಳಿಗಳ ಚಪ್ಪಲಿ ನೋಡುತ್ತ ಸುಮ್ಮನಾಗಿದ್ದಳು. ಈಗ ಮೆಲ್ಲಗೆ ಒಳಗೆ ಹೋಗಿ ಕಂಬದ ಮರೆಯಲ್ಲಿ ನಿಲ್ಲಬಹುದು ಎಂದು ನಝೀಹಾ ಎದ್ದಳು.

ಆಗ ಎಮ್ನಾಳ ಮುಖ ಕೆಂಪಾಯಿತು. ಹುಬ್ಬು ಗಂಟಿಕ್ಕಿತು. ದೃಷ್ಟಿ ದೂರ ನೆಟ್ಟಿತು.

"ಬೇಡ. ಈಗ ಬೇಡ. ಚಿನ್ನಾ, ಈಗ ಬೇಡ..."

ಚೀಲ ಲುತ್ಫಿಯ ಕಾಲ ಮೇಲೆ. ಕುರ್ಚಿಯೂ ಅಲ್ಲೇ. ಹಬೀಬಾ ತನ್ನ ಚೀಲದಿಂದ ಒಂದು ಡೈಪರ್ ತೆಗೆದು ಕೊಟ್ಟು, ಎದುರು ಮನೆಯ ಬಾಗಿಲು ಬಡಿದು ಹಿತ್ತಿಲ ನಲ್ಲಿ ತೋರಿಸಿದಳು. ನಲ್ಲಿಯಲ್ಲಿ ನೀರು ದಾರದಷ್ಟೇ ಸಣ್ಣ. ಎಮ್ನಾ ತಣ್ಣೀರು ಸೋಕಿದ್ದೇ ತಡ ಬೀದಿ ಕಿತ್ತುಹೋಗುವಂತೆ ಅರಚಿದಳು. ತೊಳೆದು, ಒರೆಸಿ, ಕಟ್ಟಿ, ಒದ್ದೆಯಾದ ತೋಳಿನೊಂದಿಗೆ ನಝೀಹಾ ಮೊಗಸಾಲೆಗೆ ಮರಳಿದಾಗ ಒಳಗಿನಿಂದ ಚಪ್ಪಾಳೆ ಕೇಳಿಸಿತು. ನಿಧಾನದ ಭಾಗ ಮುಗಿದಿತ್ತು.

ಜಗಲಿಯ ಮೇಲೆ ಕೂತು ಅವಳು ಅತ್ತಳು. ದುಃಖಕ್ಕಲ್ಲ, ಸಿಟ್ಟಿಗೆ. ಕೊನೆಯ ಚುರುಕು ಭಾಗ ಶುರುವಾಗಿ ಜನ ತಾಳ ತಟ್ಟುವಾಗ ಎಮ್ನಾ ತಾಯಿಯ ಭುಜದ ಮೇಲೆ ಸೊಂಪಾಗಿ ನಿದ್ದೆ ಹೋದಳು.

ಕಛೇರಿ ಮುಗಿದು ಜನ ಹೊರಬಂದರು. ಲುತ್ಫಿ ಚೀಲ, ಕುರ್ಚಿ, ಗಾಡಿ, ಚಕ್ರ ಎಲ್ಲ ಹೊತ್ತು ಅರಳಿದ ಮುಖದಿಂದ ಬಂದ.

"ಎಲ್ಲಿಗೆ ಹೋದೆ ನೀನು? ಅದ್ಭುತವಾಗಿತ್ತು! ಆ ಹೆಂಗಸರು ಹಾಡಿದ್ರಲ್ಲಾ, ಮೇಷ್ಟ್ರು ಕಣ್ಣು ಒರೆಸ್ಕೊಂಡ್ರು!"

"ಹಾಡಿನ ಯಾವ ಸಾಲಿಗೆ ಒರೆಸ್ಕೊಂಡ್ರು?"

"ಯಾವ ಸಾಲು ಅಂದ್ರೆ... ಯಾವುದೋ ಒಂದು. ಉದ್ದಕ್ಕಿತ್ತು."

"ಉದ್ದಕ್ಕಿತ್ತು!" ನಝೀಹಾಳ ದನಿ ಮೊಗಸಾಲೆಯಲ್ಲಿ ಗುಂಯ್‌ಗುಟ್ಟಿತು. ಹೊರಹೋಗುತ್ತಿದ್ದವರು ನಿಂತರು. "ಹದಿನಾರು ವರ್ಷ ಅದನ್ನ ಹಾಡಿದ್ದೀನಿ ನಾನು. ನಿನಗೆ ಅದು ಉದ್ದಕ್ಕಿತ್ತು! ಅದು ನಡೀವಾಗ ನಾನು ಯಾರದೋ ಹಿತ್ತಿಲಲ್ಲಿ ನಿನ್ನ ಮಗಳ ಅಂಡು ತೊಳೀತಿದ್ದೆ. ಐದು ನಿಮಿಷ ಅಂದೆ. ಒಂದ್ಸಲ, ಒಂದೇ ಒಂದ್ಸಲ ಎದ್ದು ಬಂದು ನೋಡ್ಬಾರ್ದಿತ್ತಾ?"

"ನಾನು... ಕೇಳ್ತಾ ಮೈ ಮರೆತೆ," ಎಂದ ಲುತ್ಫಿ. ಪಾಪ, ನಿಜವನ್ನೇ ಹೇಳಿದ. ಅದು ಇನ್ನೂ ಕೆಟ್ಟದ್ದಾಯಿತು.

ಆಗ ಪನ್ನೀರಿನ ಬಾಟಲಿಗಳನ್ನು ಅಪ್ಪಿಕೊಂಡು ನಿಂತಿದ್ದ ಅತ್ತೆ ಬಾಯಿ ತೆರೆದರು. ಮಗನ ಪರ ಮಾತಾಡುತ್ತಾರೆಂದು ನಝೀಹಾ ಹಲ್ಲು ಕಚ್ಚಿದಳು.

"ನಿಮ್ಮಪ್ಪನೂ ಹೀಗೇ," ಎಂದರು ಖದ್ದೂಜಾ, ಮಗನಿಗೆ. "ಎಲ್ರೂ ಹೋಗೋಣ, ಎಲ್ರೂ ಹೋಗೋಣ. ಮೂವತ್ತು ವರ್ಷ ನನ್ನನ್ನ ಮದುವೆಗಳಿಗೆ ಕರ್ಕೊಂಡು ಹೋದ. ಒಬ್ಬ ಮದುಮಗಳ ಮುಖಾನೂ ನಾನು ನೋಡ್ಲಿಲ್ಲ. ಎಲ್ಲಾ ಮನೆಗಳ ಬಚ್ಚಲು ನೋಡಿದ್ದೀನಿ. ನಿನ್ನನ್ನ ತೊಳೀತಾ."

ಲುತ್ಫಿ ಹಳದಿ ಕುರ್ಚಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

ತಿಜಾನಿ ಮೇಷ್ಟ್ರು ಶಿಷ್ಯನ ತೋಳು ಹಿಡಿದು ನಿಧಾನವಾಗಿ ಬಂದರು. ನಝೀಹಾ ಕಣ್ಣೊರೆಸಿಕೊಂಡು ಅವರ ತಲೆಗೆ ಮುತ್ತಿಟ್ಟಳು.

"ಮೇಷ್ಟ್ರೇ, ಕ್ಷಮಿಸ್ಬೇಕು. ಕೂಗಿದ್ದು ನನ್ನ ಮಗಳೇ."

"ಸರಿಯಾಗೇ ಕೂಗಿದ್ಲು," ಎಂದರು ಮೇಷ್ಟ್ರು. "ಪೀಠಿಕೇಲಿ ನನ್ನ ಬೆರಳು ಎರಡು ಕಡೆ ಜಾರಿತ್ತು. ಇಷ್ಟು ಜನ ಕೂತಿದ್ರು, ಒಬ್ರೂ ಬಾಯಿ ಬಿಡ್ಲಿಲ್ಲ. ನೀನು ಎಲ್ಲಿ ಕೂತಿದ್ದೆ?"

"ಇಲ್ಲೇ. ಬಾಗಿಲಲ್ಲಿ."

"ನಿಧಾನದ್ದು ಕೇಳಿದ್ಯಾ?"

ಅವಳು ತಲೆಯಾಡಿಸಿದಳು, ಇಲ್ಲ ಎಂದು.

ಮುದುಕರು ಅವಳ ಒದ್ದೆ ತೋಳನ್ನೂ ಭುಜದ ಮೇಲಿನ ಮಗುವನ್ನೂ ನೋಡಿದರು. "ನಿನಗೋಸ್ಕರ ಅಂತ ಇನ್ನೊಂದ್ಸಲ ಹಾಡೋಕೆ ನನ್ನಲ್ಲಿ ತ್ರಾಣ ಇಲ್ಲಮ್ಮ. ನೀನೇ ಬಾ, ಹಾಡು, ನಾನು ಕೇಳ್ತೀನಿ. ಬರೋ ಭಾನುವಾರ ಹತ್ತು ಗಂಟೆಗೆ, ನಮ್ಮನೇಲಿ. ಒಬ್ಳೇ ಬಾ." ಆಮೇಲೆ ಲುತ್ಫಿಯ ಕಡೆ ತಿರುಗಿದರು. "ನಿನ್ನ ಮೇಲೆ ನನಗೇನೂ ಬೇಸರ ಇಲ್ಲಪ್ಪಾ. ಆದ್ರೆ ಬರ್ಬೇಡ."



ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ ನಝೀಹಾ ಒಂದು ಸಣ್ಣ ಕೈಚೀಲ ಹಿಡಿದು ಮೆಟ್ಟಿಲಿಳಿದಳು. ಎಂಟೂವರೆಗೆ ಲುತ್ಫಿ ನನ್ನ ಬಾಗಿಲು ತಟ್ಟಿದ. ಅತ್ತೆಗೆ ಅವತ್ತು ಮಂಡಿ ನೋವು. ಬೇಕೆಂದೇ ಬಂದ ನೋವು ಅದು.

"ಮುನೀರಕ್ಕಾ, ಎಮ್ನಾ ಟೋಪಿ ಎಲ್ಲಿರುತ್ತೆ?"

"ನನಗೆ ಹ್ಯಾಗಪ್ಪಾ ಗೊತ್ತಿರುತ್ತೆ?"

ಒಂಬತ್ತಕ್ಕೆ ಸಾರಿಗೆ ಉಪ್ಪು ಹಾಕಬೇಕೇ ಎಂದು ಕೇಳಿದ. ಹತ್ತಕ್ಕೆ ಮಗಳನ್ನು ಮೀನು ಮಾರುಕಟ್ಟೆಗೆ ಕರೆದೊಯ್ದ. ಹನ್ನೊಂದಕ್ಕೆ ಮೀನಿನ ವಾಸನೆ ಹೊಡೆಯುತ್ತ, ಒಂದು ಕಾಲಿಗೆ ಮಾತ್ರ ಬೂಟು ಇದ್ದ ಮಗುವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂದ. ಹೆಂಡತಿಗೆ ಹತ್ತೊಂಬತ್ತು ಸಲ ಫೋನ್ ಮಾಡಿದ. ಅವಳ ಫೋನ್ ಆಫ್ ಆಗಿತ್ತು. ನಾನು ಸಹಾಯ ಮಾಡಬಹುದಿತ್ತು. ಮಾಡಲಿಲ್ಲ, ಕಿಟಕಿ ಪಕ್ಕ ಕೂತು ಬಟಾಣಿ ಸುಲಿದೆ.

ಸಂಜೆ ಐದಕ್ಕೆ ನಝೀಹಾ ಬಂದಳು. ಮುಖ ಬಿಸಿಲಿಗೆ ಕೆಂಪಾಗಿತ್ತು. ಗಂಟಲು ಕಟ್ಟಿ ಹೋಗಿತ್ತು.

"ಹಾಡಿದ್ಯಾ?"

"ಮೂರು ಸಲ. ಎರಡು ಸಲ ತಪ್ಪು ಅಂತ ಬೈದ್ರು." ಹಾಗೆ ಬೈಸಿಕೊಂಡದ್ದನ್ನು ಅಷ್ಟು ಖುಷಿಯಲ್ಲಿ ಹೇಳಿದವರನ್ನು ನಾನು ಕಂಡಿಲ್ಲ.

ಮೇಲೆ ಲುತ್ಫಿ ನೆಲದ ಮೇಲೆ ಅಂಗಾತ ಬಿದ್ದಿದ್ದ; ಎಮ್ನಾ ಅವನ ಬನಿಯನ್ನಿನ ಮೇಲೆ ಪೆನ್ನಿನಿಂದ ಗೀಚುತ್ತಿದ್ದಳು. ಬರುವ ವಾರ ಮತ್ತೆ ಹೋಗುವುದಿದೆಯೇ ಎಂದು ಕೇಳಿದನಂತೆ. ಇದೆ ಎಂದಳಂತೆ. ಅವನು ಕಣ್ಣು ಮುಚ್ಚಿಕೊಂಡನಂತೆ.

ಆದರೆ ಚಟ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಜುಲೈನಲ್ಲಿ ಲುತ್ಫಿ ಕೆರ್ಕೆನ್ನಾ ದ್ವೀಪಕ್ಕೆ ಹೊರಟ. ಹಡಗು, ಮೀನು, ತಂಗಾಳಿ, ಎಲ್ಲರೂ ಒಟ್ಟಿಗೆ. ನಝೀಹಾ, "ಹೋಗಿ ಬನ್ನಿ, ನನಗೆ ಹಾಡಿನ ಅಭ್ಯಾಸ ಇದೆ" ಎಂದು ತಲೆ ಬಾಚಿಕೊಳ್ಳುತ್ತ ಹೇಳಿದಳು. ಮೇಷ್ಟ್ರ ಶಿಷ್ಯ ಅಷ್ಟರಲ್ಲಿ ಅವಳನ್ನು ಮತ್ತೆ ಎರಡನೆಯ ಸಾಲಿಗೆ ತೆಗೆದುಕೊಂಡಿದ್ದ. ಲುತ್ಫಿ ಮುಖ ಊದಿಸಿಕೊಂಡು ತಾಯಿಯನ್ನೂ ಮಗಳನ್ನೂ ಕರೆದುಕೊಂಡು ಹೋದ.

ಮರುದಿನ ಅವರು ಮರಳಿದಾಗ ಖದ್ದೂಜಾ ತಮ್ಮ ಮನೆಗೂ ಹೋಗದೆ ನೇರವಾಗಿ ನನ್ನ ಅಡುಗೆಮನೆಗೆ ಬಂದು ಕೂತರು. ಮೂಗು ಸುಲಿದಿತ್ತು, ಉಡುಪಿನ ತುಂಬ ಉಪ್ಪು.

"ಮುನೀರಾ, ಒಂದು ಲೋಟ ಚಹಾ ಕೊಡು. ಹಡಗಲ್ಲಿ ಹೋಗ್ತಾ ವಾಂತಿ, ಬರ್ತಾ ವಾಂತಿ. ಮಗೂದು ಒಂದು, ಅವರಪ್ಪಂದು ಇನ್ನೊಂದು. ಇಬ್ರನ್ನೂ ತೊಳೆದಿದ್ದು ನಾನು. ಸಮುದ್ರ ಯಾವ ಬಣ್ಣ ಇತ್ತು ಅಂತ ಕೇಳು, ಗೊತ್ತಿಲ್ಲ." ಚಹಾ ಒಂದೇ ಉಸಿರಿಗೆ ಕುಡಿದರು. "ಝಗ್ವಾನಲ್ಲಿ ಆ ಮೇಷ್ಟ್ರು ಮನೇಲಿ, ಹಾಡು ಬರ್ದೇ ಇರೋರು ಸುಮ್ನೆ ಕೂರ್ಬಹುದಾ, ನಿನಗೇನಾದ್ರೂ ಗೊತ್ತಾ?"

"ಕೇಳಿ ನೋಡ್ಬೇಕು."

"ನೀನೇ ಕೇಳು. ನಾನು ಕೇಳಿದ್ರೆ ಸೊಸೆ ನಗ್ತಾಳೆ."

ನಾನು ಕೇಳಿದೆ. ನಝೀಹಾ ನಗಲಿಲ್ಲ.

ಈಗ ತಿಂಗಳಿಗೆ ಎರಡು ಭಾನುವಾರ ಅತ್ತೆ ಸೊಸೆ ಇಬ್ಬರೂ ಏಳು ಗಂಟೆಯ ವ್ಯಾನಿಗೆ ಹೋಗುತ್ತಾರೆ. ಸೊಸೆ ಹಾಡುತ್ತಾಳೆ. ಅತ್ತೆ ಮೇಷ್ಟ್ರ ಹಿತ್ತಿಲಲ್ಲಿ ಕಾಲು ಚಾಚಿಕೊಂಡು, ಯಾರೂ ಕೂಗಿ ಕರೆಯದ ಜಾಗದಲ್ಲಿ, ಪೈನ್ ಬೀಜ ಹಾಕಿದ ಚಹಾ ಕುಡಿಯುತ್ತ ಕೂರುತ್ತಾರೆ. ಲುತ್ಫಿ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಲ್ದಾಣದವರೆಗೆ ಬಂದು, ಇಬ್ಬರನ್ನೂ ಹತ್ತಿಸಿ, ಎಷ್ಟು ಗಂಟೆಗೆ ಬರುತ್ತೀರಿ ಎಂದು ನಾಲ್ಕು ಸಲ ಕೇಳುತ್ತಾನೆ.